ತ್ಯೂ ಅಂದರೆ ನೀನು

ಮೊದಮೊದಲು ಅವಳು ತನಗೇ ಉಗಿಯುತ್ತಿದ್ದಾಳೆ ಅಂದುಕೊಂಡಿದ್ದ ಶಶಿಧರ. ಬಚ್ಚಲ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತ, ಬೆನ್ನು ಈ ಕಡೆ ಮಾಡಿಕೊಂಡು, ಹೆಂಡತಿ ಅಮೃತ ‘ತೂ’ ಅನ್ನುತ್ತಿದ್ದಳು. ಬಟ್ಟೆ ಹಿಂಡಿ ಒಂದು ಕ್ಷಣ ಸುಮ್ಮನಾಗುತ್ತಿದ್ದಳು, ಯಾರೋ ಏನೋ ಹೇಳುವುದನ್ನು ಕೇಳಿಸಿಕೊಳ್ಳುವವಳ ಹಾಗೆ. ಮತ್ತೆ ‘ತೂ’. ಅಷ್ಟು ಮೆತ್ತಗೆ, ಅಷ್ಟು ಮುದ್ದಾಗಿ ಯಾರೂ ಯಾರಿಗೂ ಉಗಿದದ್ದನ್ನು ಅವನು ಕಂಡಿರಲಿಲ್ಲ. ಈಗ ಮಂಡ್ಯದ ಹೊರಗಿನ ವಿ.ಸಿ. ಫಾರಂನ ಗದ್ದೆಯೊಳಗೆ ಬಗ್ಗಿ ನಿಂತು ಭತ್ತದ ತೆನೆ ಹಿಡಿದಿರುವಾಗಲೂ ಅದೇ ಸದ್ದು ಕಿವಿಯಲ್ಲಿತ್ತು. ಇಲ್ಲಿ ಅವನದು ತಳಿ ಕೂಡಿಸುವ ವಿಜ್ಞಾನಿಗಳ ಕೈಕೆಳಗಿನ ಕೆಲಸ. ಹೂ ಬಿರಿಯುವ ಮೊದಲು ಒಂದೊಂದು ಕಾಳಿನ ನೆತ್ತಿ ಕತ್ತರಿಸಿ, ಒಳಗಿನ ಗಂಡು ಕೇಸರವನ್ನು ಚಿಮಟದಿಂದ ಕಿತ್ತು, ತೆನೆಗೆ ಎಣ್ಣೆಕಾಗದದ ಚೀಲ ಹಾಕಿ ಕಟ್ಟಬೇಕು. ಬೇರೆ ಯಾವ ಗದ್ದೆಯ ಪರಾಗವೂ ಗಾಳಿಯಲ್ಲಿ ಬಂದು ಒಳಗೆ ನುಗ್ಗಬಾರದು. ಮಾರನೆಯ ದಿನ ಅವರು ಹೇಳಿದ ಗಂಡನ್ನೇ ತಂದು ಉದುರಿಸಬೇಕು. ಇಷ್ಟು ವರ್ಷ ಇದು ಬರೀ ಕೆಲಸವಾಗಿತ್ತು. ಈಚೆಗೆ ಚೀಲದ ಬಾಯಿ ಕಟ್ಟಿ ಅದನ್ನೇ ನೋಡುತ್ತ ನಿಲ್ಲುತ್ತಾನೆ. ಕಾಗದ ಉಬ್ಬುತ್ತದೆ, ತಗ್ಗುತ್ತದೆ, ಒಳಗೆ ಯಾರೋ ಉಸಿರಾಡಿದ ಹಾಗೆ. ಗಾಳಿ ಅಂತ ಗೊತ್ತು. ಗೊತ್ತಿದ್ದೂ ಕೈ ಹಿಂದಕ್ಕೆ ತೆಗೆಯುತ್ತಾನೆ.

“ಏನ್ ಸಾ, ಬೆಳಗಿಂದ ಒಂದೇ ತೆನೆ ಇಡ್ಕಂಡ್ ನಿಂತಿದ್ದೀರಿ? ಅದೇನ್ ಎದ್ದು ಓಡೋಯ್ತದಾ?” ಪಕ್ಕದ ಸಾಲಿನಿಂದ ಕೂಲಿಯ ಮಹದೇವಮ್ಮ ಕೂಗಿದಳು.

“ಬಾಯ್ ಮುಚ್ಕೊಂಡು ನಿನ್ ಕೆಲ್ಸ ಮಾಡು.”

“ಮಾಡ್ತಾನೇ ಅವ್ನಿ ಕಣ್ ಸಾ. ಬಾಯ್ಗೂ ಕೈಗೂ ಏನ್ ಸಂಬಂದ? ನೀವೇನ್ ಕಮ್ಮಿನಾ, ನಿನ್ನೆ ಮದ್ಯಾನ ಸೆಡ್ ಇಂದೆ ನಿಂತ್ಕಂಡು ಅದೇನೋ ಪದ ಏಳ್ತಿದ್ರಿ. ಚೆಂದಾಗಿತ್ತು.”

ಶಶಿಧರ ನೆಟ್ಟಗೆ ನಿಂತ. ನಿನ್ನೆ ಮಧ್ಯಾಹ್ನ ಅವನು ಮಂಡ್ಯದಲ್ಲಿದ್ದ. ಕಚೇರಿಯ ಕಾಗದ ಕೊಟ್ಟು ಬರಲು ಹೋಗಿದ್ದ. ಅವನ ದನಿ ತುಂಬಿಟ್ಟುಕೊಂಡಿದ್ದ ಫೋನೂ ಜೇಬಿನಲ್ಲೇ ಇತ್ತು.

“ನಾನಿರಲಿಲ್ಲ ಇಲ್ಲಿ.”

“ಅಯ್ಯೋ ಬುಡಿ. ನಿಮ್ ದನಿ ನಂಗೊತ್ತಿಲ್ವಾ? ಕೊನೆಗೆ ‘ಲಾ, ಲಾ’ ಅಂತಿದ್ರಿ. ನಾನು ಯಾರ್ನೋ ಕರೀತಾವ್ರೆ ಅನ್ಕಂಡೆ. ಬಂದು ಇಣುಕುದ್ರೆ ಯಾರೂ ಇಲ್ಲ, ಬರೀ ಕುಡ್ಲು ಗೋಡೇಲಿ ನೇತಾಡ್ತಿತ್ತು.” ಅವಳು ನಕ್ಕಳು. “ನಾಚ್ಕಂಡು ಓಡೋಗ್ಬುಟ್ರೇನೋ.”

ಬಯ್ಯಬೇಕು ಅನ್ನಿಸಿತು. ಬಯ್ಗುಳ ನಾಲಗೆಯ ಮೇಲೆ ಬಂತು, ಆದರೆ ಬಂದದ್ದು ಕನ್ನಡದ್ದಾಗಿರಲಿಲ್ಲ. ಅದನ್ನು ನುಂಗಿಕೊಂಡ. ಅಷ್ಟರಲ್ಲಿ ಬದುವಿನ ಮೇಲಿಂದ ವಿಜ್ಞಾನಿ, ಮೀಸೆ ಸರಿಯಾಗಿ ಬಲಿಯದ ಹುಡುಗ, “ಶಶಿಧರ, ನೀನು ಆ ಮೂರನೇ ಸಾಲು ಮುಗಿಸಿ ಹೋಗು” ಅಂದ. ನೀನು. ಹಾಸ್ಟೆಲಿನಲ್ಲಿ ಓದುವ ಮಗಳು ಗಗನಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಮೊದಲೆಲ್ಲ ಈ ನೀನು ಕಿವಿಗೆ ಬಿದ್ದ ತಕ್ಷಣ ಕುತ್ತಿಗೆ ಬಿಸಿಯಾಗುತ್ತಿತ್ತು. ಈಗ ಬೇರೆ ಏನೋ ಆಗುತ್ತದೆ. ಯಾರು ಯಾರನ್ನು ನೀನು ಅಂದರೂ ಅವನು ಕತ್ತು ತಿರುಗಿಸಿ ನೋಡುತ್ತಾನೆ. ಬಸ್ಸಿನಲ್ಲಿ ತಾಯಿ ಮಗುವಿಗೆ ಅಂದರೂ, ಟೀ ಅಂಗಡಿಯಲ್ಲಿ ಗೆಳೆಯ ಗೆಳೆಯನಿಗೆ ಅಂದರೂ. ಜಗತ್ತಿನಲ್ಲಿ ಇಷ್ಟೊಂದು ನೀನು ಓಡಾಡುತ್ತಿರುವಾಗ ತನ್ನ ಮನೆಗೆ ಬಂದದ್ದು ಯಾವುದು ಅಂತ.

ಫ್ರೆಂಚು ಮನೆಗೆ ಬಂದದ್ದು ಮಾಮೂಲಿ ದಾರಿಯಲ್ಲೇ. ಅಮೃತ ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ಹಿಂದಿ ಮೇಡಂ. ಮಕ್ಕಳ ಅಪ್ಪಂದಿರಿಗೆ ಫ್ರೆಂಚು ಬೇಕಂತೆ, ಕಲಿಸುವವರು ಸಿಕ್ಕಲಿಲ್ಲವಂತೆ, ಆಡಳಿತ ಮಂಡಳಿಯವರು ಇವಳನ್ನು ಕರೆದು, “ನಿಮಗೆ ಭಾಷೆ ಬೇಗ ಹತ್ತುತ್ತೆ ಮೇಡಂ, ಜೂನ್ ಹೊತ್ತಿಗೆ ಕಲಿತುಬಿಡಿ” ಅಂದರು. ಭತ್ತ ಬಿತ್ತಿ ಅಂದಹಾಗೆ. ಫೋನಿನಲ್ಲಿ ಪಾಠ ಹೇಳುವ ಪುದುಚೇರಿಯ ಹೆಂಗಸು, ವ್ಯಾಕರಣ ಬೇಡ, ಹಾಡು ಬಾಯಿಪಾಠ ಮಾಡಿ, ಪದಗಳು ತಾವೇ ಬಂದು ಕೂರುತ್ತವೆ ಅಂದಳಂತೆ. ಪ್ರೀತಿಯ ಹಾಡುಗಳು, ಅನುಮಾನದ ಹಾಡುಗಳು. ಅದರಲ್ಲಿ ಒಂದು, ಹೆಣ್ಣು ಕೇಳುವುದು ಗಂಡು ಉತ್ತರ ಕೊಡುವುದು. ಅಮೃತ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೆಣ್ಣಿನ ಸಾಲು ಹಾಡುತ್ತಿದ್ದಳು. ಗಂಡಿನ ಸಾಲು ಅವಳ ಕಿವಿಯೊಳಗೇ ಮುಗಿಯುತ್ತಿತ್ತು. ಹೊರಗಿದ್ದವರಿಗೆ ಕೇಳಿಸುತ್ತಿದ್ದದ್ದು ಒಂದು ಪ್ರಶ್ನೆ, ಆಮೇಲೆ ಒಂದು ಖಾಲಿ. ಆ ಖಾಲಿಯನ್ನು ಅವಳು ಸರಿಯಾಗಿ ಅಳೆದು ಬಿಡುತ್ತಿದ್ದಳು, ಊಟದ ಎಲೆಗಳ ನಡುವೆ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಬಟ್ಟೆ ಮಡಿಸುವಾಗ ಮನೆಯ ತುಂಬ ಆ ಖಾಲಿಗಳು ಇದ್ದವು. ಶಶಿಧರ ಒಳಗೆ ನಡೆಯುವಾಗ ಅವುಗಳಿಗೆ ತಗುಲದ ಹಾಗೆ ನಡೆಯುವುದನ್ನು ಕಲಿತಿದ್ದ.

ಅವ್ವ ಹೊಂಬಾಳಮ್ಮನಿಗೆ ಕಣ್ಣು ಮಸುಕು. ಅವಳಿಗೆ ಹಾಡಿನಲ್ಲಿ ‘ಇಲ್ಯಾ’ ಅನ್ನುವುದಷ್ಟೇ ಕೇಳಿಸುತ್ತಿತ್ತು. ಆ ಭಾಷೆಯಲ್ಲಿ ಅದಕ್ಕೆ ‘ಇದೆ’ ಅಂತ ಅರ್ಥ. ಅವ್ವ ‘ಇಲ್ವಾ?’ ಅಂತ ತಿಳಿದು ಪ್ರತಿಸಲ, “ಇವ್ನಿ ಕಣವ್ವ, ಇಲ್ಲೇ ಇವ್ನಿ, ಎಲ್ಲೋಗನ” ಅನ್ನುತ್ತಿದ್ದಳು. ಅಮೃತ ಹಾಡು ನಿಲ್ಲಿಸಿ ನಗುತ್ತಿದ್ದಳು. ಆ ನಗು ಕೇಳಿ ಶಶಿಧರನಿಗೆ ಸಿಟ್ಟು ಬರುತ್ತಿತ್ತು. ತಾನು ಹೇಳಿದ ಯಾವುದಕ್ಕೂ ಅವಳು ಹಾಗೆ ನಕ್ಕದ್ದು ನೆನಪಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಅದೇನದು, ಒಂದೇ ಸಮ ತೂ ತೂ ಅಂತ? ಮನೇಲಿ ಮನುಷ್ಯರಿದ್ದಾರೆ.”

“ತೂ ಅಲ್ಲ ಕಣ್ರೀ, ತ್ಯೂ.” ಊದುಗೊಳವೆ ಊದುವವಳಂತೆ ತುಟಿ ಮುಂದೆ ಮಾಡಿ ತೋರಿಸಿದಳು. “ತ್ಯೂ ಅಂದ್ರೆ ನೀನು. ಹತ್ತಿರದವರಿಗೆ ಹಾಗನ್ನೋದು. ದೊಡ್ಡವರಿಗೆ, ಗುರುತಿಲ್ಲದವರಿಗೆ ವೂ. ಅಂದ್ರೆ ನೀವು.”

“ಗಂಡನಿಗೆ?”

“ಅವರು ತ್ಯೂ ಅಂತಾರೆ.”

“ನೀನು?”

ಅವಳು ಅವನ ಮುಖವನ್ನು, ಅದರಲ್ಲಿ ಏನೋ ಅಂಟಿಕೊಂಡಿದೆ ಅನ್ನುವ ಹಾಗೆ ನೋಡಿದಳು. “ನಾನೇನು ಅವರ ದೇಶದವಳೇನ್ರೀ?” ಅಂದು ಬಕೀಟು ಎತ್ತಿಕೊಂಡು ಮಹಡಿ ಹತ್ತಿದಳು.

ಮದುವೆಯಾದ ದಿನದಿಂದ ಅವಳು ಅವನನ್ನು ನೀವು ಅಂದವಳು. ಮಳವಳ್ಳಿಯ ಮೇಷ್ಟರ ಮಗಳು, ಹಾಗೇ ಬೆಳೆದಿದ್ದಳು. ಕೆರಗೋಡಿನ ಕಡೆಯ ಅವನ ನೆಂಟರಿಗೆ ಅದು ದೊಡ್ಡ ಸುದ್ದಿಯಾಗಿತ್ತು. ‘ಶಶಿ ಎಂಡ್ರು ಬನ್ನಿ ಓಗಿ ಅಂತಾಳೆ ಕಣ್ಲಾ’ ಅಂತ ಹೇಳಿಕೊಳ್ಳುತ್ತಿದ್ದರು. ಅವನೂ ಎದೆ ಉಬ್ಬಿಸಿದ್ದ. ಅವನ ಅವ್ವ ಅಪ್ಪನನ್ನು ಒಂದು ದಿನವೂ ನೀವು ಅಂದವಳಲ್ಲ. “ಓಗಯ್ಯ ನೀನು, ನಿನ್ ಮಕಕ್ಕೆ ಬೆಂಕಿ ಆಕ” ಅಂತಲೇ ಅನ್ನ ಬಡಿಸುತ್ತಿದ್ದಳು. ಅಪ್ಪ ಹೊನ್ನಯ್ಯ ಸತ್ತ ದಿನ ಹೆಣದ ತಲೆದೆಸೆಯಲ್ಲಿ ಕೂತು, “ಏಳಯ್ಯ ಮ್ಯಾಕೆ, ಜನ ಬಂದವ್ರೆ, ನಾಚ್ಕೆ ಆಗಕಿಲ್ವಾ ನಿಂಗೆ” ಅಂದಳು. ಆಗ ಅವನಿಗೆ ಅವಮಾನವಾಗಿತ್ತು, ಪಕ್ಕದಲ್ಲಿ ಅವನ ಸಾಹೇಬರು ನಿಂತಿದ್ದರು. ಈಗ ಚಿಮಟ ಹಿಡಿದು ನಿಂತಾಗ ಅನ್ನಿಸಿತು, ಅಮೃತಳ ನೀವು ಹೊಸ ಸೋಫಾದ ಮೇಲಿನ ಪ್ಲಾಸ್ಟಿಕ್ ಕವರಿನ ಹಾಗೆ. ಹಾಳಾಗಬಾರದೆಂದು ಹಾಗೇ ಬಿಟ್ಟದ್ದು. ಅದರ ಮೇಲೆಯೇ ಕೂತು ಎದ್ದು ವಯಸ್ಸಾಯಿತು. ಕೆಳಗಿನ ಬಟ್ಟೆಯ ಬಣ್ಣ ಯಾವುದು ಅಂತ ಅವನು ಕಂಡಿರಲೇ ಇಲ್ಲ. ಈಗ ಅವಳು ಯಾರಿಗೋ ಅದನ್ನು ಕಿತ್ತು ತೋರಿಸುತ್ತಿದ್ದಾಳೆ, ದಿನಕ್ಕೆ ಹತ್ತು ಸಲ.

ಅವಳ ಫೋನನ್ನು ಕದ್ದು ನೋಡಿದ್ದ. ಶಾಲೆಯ ಗುಂಪು, ಪುದುಚೇರಿಯ ಹೆಂಗಸು, ತಮ್ಮ ಜಯಪ್ರಕಾಶ, ಗ್ಯಾಸಿನವನು. ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಹುಡುಕಿಕೊಂಡು ಹೋಗಿ ಕಪಾಳಕ್ಕೆ ಎರಡು ಬಿಗಿಯಬಹುದಿತ್ತು. ಇಲ್ಲದವನ ಕಪಾಳ ಎಲ್ಲಿರುತ್ತದೆ? ಆವತ್ತಿನಿಂದಲೇ ಅವನು ಗಗನಳ ಹಳೆಯ ಇಯರ್‌ಫೋನ್ ತೆಗೆದುಕೊಂಡು, ಫಾರಂನ ಶೆಡ್ಡಿನ ಹಿಂದೆ ನಿಂತು, ಅದೇ ಹಾಡನ್ನು ಅದೇ ಪಾಠದಿಂದ ಕಲಿಯತೊಡಗಿದ್ದು. ಅವಳು ಕೇಳುವ ಪ್ರಶ್ನೆಗೆ ಹಾಡಿನೊಳಗಿನ ಗಂಡಸು ಏನು ಉತ್ತರ ಕೊಡುತ್ತಾನೆ ಅಂತ ಗೊತ್ತಾಗಬೇಕಿತ್ತು. ಕಲಿಕೆ ಅವನಿಗೆ ಒಲಿದದ್ದಲ್ಲ. ಊರ ಸ್ಕೂಲಿನಲ್ಲಿ ‘ಹಾಲು ಹಣ್ಣು’ ಅನ್ನು ಅಂದರೆ ‘ಆಲು ಅಣ್ಣು’ ಅನ್ನುತ್ತಿದ್ದ. ಮೇಷ್ಟರು ಹುಣಸೆ ಕೋಲು ಮುರಿಯುವ ತನಕ ಹೊಡೆದಿದ್ದರು, ಹೊಡೆತದ ನಡುವೆಯೂ ‘ಒಡೀಬೇಡಿ ಸಾ’ ಅಂದಿದ್ದ, ಇಡೀ ಕ್ಲಾಸು ನಕ್ಕಿತ್ತು. ಇಲ್ಲಿ ನೋಡಿದರೆ ಆ ಜನವೂ ಹಕಾರ ನುಂಗುವವರೇ. ಬರೆಯುತ್ತಾರೆ, ಅನ್ನುವುದಿಲ್ಲ. ಗಂಡಸಿಗೆ ‘ಒಮ್’, ನಿನ್ನೆಗೆ ‘ಇಯೆರ್’. ಫೋನಿನೊಳಗಿನ ಪಾಠದ ಆ್ಯಪ್ ಅವನ ದನಿ ಕೇಳಿ ಹಸಿರು ದೀಪ ಹಚ್ಚಿ, ಸರಿ, ತುಂಬ ಸರಿ, ಅನ್ನುತ್ತಿತ್ತು. ಅಮೃತ ಎಷ್ಟು ತಿದ್ದಿಕೊಂಡರೂ ಅವಳ ಹಕಾರ ಇಣುಕುತ್ತಿತ್ತು, ಮೇಷ್ಟರ ಮಗಳಲ್ಲವೇ. ಬದುಕಿನಲ್ಲಿ ಮೊದಲ ಸಲ ಅವನ ನಾಲಗೆ ಸರಿಯಾದ ಜಾಗದಲ್ಲಿ ಹುಟ್ಟಿದ ಹಾಗಿತ್ತು. ಆದರೆ ತನ್ನದೇ ದನಿಯನ್ನು ಮತ್ತೆ ಹಾಕಿ ಕೇಳಿದಾಗ ಹೆದರಿಕೆಯಾಯಿತು. ಅದು ಅವನ ದನಿಯೇ. ಆದರೆ ಅದರಲ್ಲಿ ಅವನಿಗಿಲ್ಲದ ಒಂದು ಸಮಾಧಾನವಿತ್ತು. ಬಯ್ಯದೆ ಇದ್ದ ಗಂಟಲು. ಯಾವ ಬದುವಿನ ಮೇಲಿಂದಲೂ ಯಾರೂ ನೀನು ಅಂತ ಕೂಗದೆ ಬೆಳೆದ ಗಂಟಲು.

ಹಾಡು ದೊಡ್ಡದೇನಲ್ಲ. ಅವಳು ಕೇಳುತ್ತಾಳೆ: ‘ತ್ಯೂ ಮೆಮ್?’ ನೀನು ನನ್ನನ್ನು ಪ್ರೀತಿಸುತ್ತೀಯಾ? ಮತ್ತೆ ಕೇಳುತ್ತಾಳೆ: ‘ತ್ಯೂ ಮಾಂ?’ ನೀನು ಸುಳ್ಳು ಹೇಳುತ್ತಿದ್ದೀಯಾ? ಎರಡೂ ಕಿವಿಗೆ ಎಷ್ಟು ಹತ್ತಿರವೆಂದರೆ ಯಾವುದು ಪ್ರೀತಿ ಯಾವುದು ಸುಳ್ಳು ಅಂತ ಹಿಡಿಯಲು ಅವನಿಗೆ ವಾರವೇ ಬೇಕಾಯಿತು. ಆಮೇಲೆ ‘ಜ ದೂತ್’, ನನಗೆ ಅನುಮಾನ. ದೂತ್ ಅಂದರೆ ಅನುಮಾನವಂತೆ. ಅವನಿಗೆ ಪ್ರತಿಸಲ ಯಮನ ದೂತ ಕೋಣದ ಹಿಂದೆ ಹಗ್ಗ ಹಿಡಿದು ಬಂದು ನಿಂತದ್ದೇ ಕಾಣುತ್ತಿತ್ತು. ಎಲ್ಲಕ್ಕೂ ಆ ಗಂಡಸಿನದು ಒಂದೇ ಉತ್ತರ: ‘ಜ ಸ್ವಿ ಲಾ.’ ನಾನು ಇಲ್ಲಿದ್ದೇನೆ. ಕೊನೆಯ ‘ಲಾ’ ಎಷ್ಟು ಮಂಡ್ಯದ್ದೆಂದರೆ ಮೊದಲು ಕೇಳಿದಾಗ ಒಬ್ಬನೇ ನಕ್ಕಿದ್ದ. ಆಮೇಲೆ ರೇಗಿತು. ಬೋಳಿಮಗ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಪ್ರೀತಿ ಇದೆಯೋ ಹೇಳು, ಸುಳ್ಳೋ ಹೇಳು. ಇಲ್ಲಿದ್ದೀನಿ ಅಂತೆ. ನಾನೂ ಇಲ್ಲೇ ಇದ್ದೀನಲ್ಲ ಇಷ್ಟು ವರ್ಷ, ಅಕ್ಕಿ ತಂದು ಹಾಕಿಕೊಂಡು, ಯಾರು ಹಾಡು ಕಟ್ಟಿದರು?

ಗದ್ದೆಯ ಮೂರನೆಯ ಸಾಲನ್ನು ಅವನು ಮುಗಿಸಲಿಲ್ಲ. ಒಂದಷ್ಟು ತೆನೆಗಳನ್ನು ಕತ್ತರಿಸಿ, ಚೀಲ ಕಟ್ಟದೆ, ನೆತ್ತಿ ತೆರೆದ ಹಾಗೇ ಗಾಳಿಗೆ ಬಿಟ್ಟು ಕೈ ತೊಳೆದ. ಶನಿವಾರ, ಅರ್ಧ ದಿನ ರಜೆ ಬರೆದ. ಅಮೃತ ಬೇಸಿಗೆ ರಜೆಗೆ ಮಳವಳ್ಳಿಯ ತಮ್ಮನ ಮನೆಗೆ ಹೋಗಿ ಆಗಲೇ ಕೆಲವು ದಿನವಾಗಿತ್ತು, ಅಲ್ಲಿ ಸದ್ದಿಲ್ಲ, ಓದಿಕೊಳ್ಳುತ್ತೇನೆ ಅಂದು. ಹೋದಮೇಲೆ ಮನೆಯಲ್ಲಿ ಹಾಡು ನಿಂತಿತ್ತು. ಖಾಲಿಗಳು ಹೋಗಿರಲಿಲ್ಲ. ಕರೆದುಕೊಂಡು ಬರುತ್ತೇನೆ ಅಂತ ಅವನು ಯಾರಿಗೂ ಹೇಳಿರಲಿಲ್ಲ. ಕರೆದುಕೊಂಡು ಬರುವುದಕ್ಕಾಗಿ ಹೋಗುತ್ತಿಲ್ಲ ಅಂತ ಅವನಿಗೇ ಗೊತ್ತಿತ್ತು. ಒಂದೇ ಒಂದು ಸಲ ಆ ನೀನು ತನ್ನ ಕಡೆಗೆ ತಿರುಗುತ್ತದೆಯೇ ನೋಡಬೇಕಿತ್ತು. ತಿರುಗದಿದ್ದರೆ ಆ ಪ್ಲಾಸ್ಟಿಕ್ ಕವರಿನ ಸೋಫಾದ ಮೇಲೆ ಇನ್ನು ಕೂರುವುದು ತನ್ನಿಂದಾಗದು.

ಅಂಗಿ ಬದಲಿಸಲು ಮನೆಗೆ ಬಂದಾಗ ಅವ್ವ ನಡುಮನೆಯಲ್ಲಿ ಅಲಸಂದೆಕಾಳು ಬಿಡಿಸುತ್ತ ಕೂತಿದ್ದಳು. ಚಪ್ಪಲಿ ಬಿಟ್ಟ ಸದ್ದಿಗೆ ತಲೆ ಎತ್ತಿದಳು.

“ಯಾರು?”

“ನಾನು ಕಣವ್ವ.”

“ನೀನಾ? ನೀನ್ ಆಗ್ಲೇ ಬಂದ್ಯಲ್ಲಪ್ಪ. ರೂಮಿಗೋದೆ.”

“ಈಗ್ ಬರ್ತಾ ಇದ್ದೀನಿ.”

“ಅದೇನಾಟ ಆಡೀಯೇ ಮುದ್ಕಿ ತಾವ? ನಾನ್ ಊಟಕ್ಕಿಕ್ಕಲಾ ಅಂದೆ, ನೀನ್ ಊಂ ಅಂದೆ. ಎಷ್ಟ್ ವರ್ಸಾಯ್ತು ನೀನು ಊಂ ಅಂತ ಮೆತ್ತಗೆ ಅಂದು. ಕಣ್ಣೋದ್ರೇನು, ಕಿವಿ ಓಗಿಲ್ಲ ಕಣ್ಲಾ.” ಅವ್ವ ನೋಯದೆ, ಖುಷಿಯಾಗಿಯೇ ಹೇಳುತ್ತಿದ್ದಳು. “ತಟ್ಟೆ ಮುಚ್ಚಿಟ್ಟಿವ್ನಿ, ಓಗು.”

ರೂಮಿನ ಬಾಗಿಲು ಮುಂದಕ್ಕೆ ಹಾಕಿತ್ತು. ಅವನು ಬಾಗಿಲ ತನಕ ಹೋದ. ತನ್ನದೇ ರೂಮು. ಒಳಗೆ ಫ್ಯಾನು ತಿರುಗುವ ಸದ್ದು. ಬೆಳಿಗ್ಗೆ ಆರಿಸಲು ಮರೆತಿರಬೇಕು. ತಳ್ಳಲಿಲ್ಲ. ಹೊರಗಿನ ಹಗ್ಗದ ಮೇಲೆ ಒಣಗಿದ್ದ ಅಂಗಿ ತೊಟ್ಟುಕೊಂಡು, ಉಣ್ಣದೆ, ಕಳ್ಳನ ಹಾಗೆ ತನ್ನ ಮನೆಯಿಂದ ಹೊರಗೆ ಬಿದ್ದ. ಗೇಟು ಹಾಕುವಾಗ ಒಳಗಿನಿಂದ ಅವ್ವ, “ಇನ್ನೊಸಿ ಸಾರು ಆಕ್ಲಾ?” ಅಂತ ಯಾರನ್ನೋ ಕೇಳುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಿವಿಗೆ ಹಾಡು ಹಾಕಿಕೊಂಡ. ಕಬ್ಬಿನ ಲಾರಿಗಳು, ಹೆದ್ದಾರಿಯ ಸೇತುವೆ, ಬಿಸಿಲು. ಎಲ್ಲ ಎಂದಿನ ಹಾಗೇ ಇತ್ತು, ಆದರೆ ಹೆಸರುಗಳು ಸರಿಯಿರಲಿಲ್ಲ. ಇತ್ತೀಚೆಗೆ ಅವನಿಗೆ ಹೀಗಾಗುತ್ತಿತ್ತು. ಮಂಡ್ಯ ಅಂತ ಬೋರ್ಡು ಕಂಡರೆ ‘ಮಾಂದ್ಯಾಂ’ ಅನ್ನಿಸುತ್ತಿತ್ತು, ಫ್ರೆಂಚಿನಲ್ಲಿ ಭಿಕ್ಷುಕ. ಮದ್ದೂರಿನ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಗಿಲು ಬಡಿದು “ಮದ್ದೂರ್ ಮದ್ದೂರ್” ಅಂದಾಗ ಎದೆಯಲ್ಲಿ ಯಾರೋ ‘ಮ ದುಲರ್’ ಅಂದರು, ನನ್ನ ನೋವು. ಇಳಿದು ಬಸ್ಸು ಬದಲಿಸಬೇಕಿತ್ತು. ಆ ಕಡೆ ಕೆಂಪು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಇನ್ನೊಬ್ಬ, “ಮಳವಳ್ಳಿ ಮಳವಳ್ಳಿ, ಯಾರ್ರೀ ಮಳವಳ್ಳಿ” ಅಂತ ಅರಚುತ್ತಿದ್ದ. ‘ಮಾಲ್ ಅವಲೇ’, ಸರಿಯಾಗಿ ನುಂಗದೆ ಉಳಿದದ್ದು. ಹುಟ್ಟಿದಾಗಿನಿಂದ ಬಾಯಲ್ಲಿಟ್ಟುಕೊಂಡ ಊರುಗಳು. ಅವುಗಳ ಒಳಗೆ ಇಷ್ಟು ಕಾಲ ಬೇರೆ ಯಾರೋ ಕೂತು ಬೇರೆ ಏನೋ ಹೇಳುತ್ತಿದ್ದರು, ಅವನು ಅದರಲ್ಲೇ ಬಸ್ಸು ಹತ್ತಿ ಇಳಿದು ಓಡಾಡಿದ್ದ. ಆ ಬಸ್ಸು ಹತ್ತಿ ಕೂತ ಮೇಲೆ, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ಅವನ ಮೊಣಕೈ ತಿವಿದಳು.

“ಯಾರ್ ಜೊತೆ ಮಾತಾಡೀಯಪ್ಪ? ಪೋನಾ?”

“ಇಲ್ಲ. ಹಾಡು.”

“ಚೆಂದಾಗೇಳ್ತೀಯ. ನಿನ್ ಎಂಡ್ರು ಪುಣ್ಯವಂತೆ.” ಮುದುಕಿ ಬುಟ್ಟಿಯಿಂದ ಒಂದು ಸೀಬೆಹಣ್ಣು ತೆಗೆದು ಅವನ ಕೈಗಿಟ್ಟಳು. ತಾನು ಬಾಯಿ ತೆರೆದಿದ್ದೇ ಅವನಿಗೆ ಗೊತ್ತಿರಲಿಲ್ಲ. ಹಾಡಿದ್ದು ನೆನಪಿರಲಿಲ್ಲ. ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ. ತುಟಿ ಮುಂದಕ್ಕೆ ಚಾಚಿಕೊಂಡಿತ್ತು, ಊದುಗೊಳವೆ ಊದುವವನ ಹಾಗೆ. ಕೈಯಿಂದ ಒರೆಸಿ ಅದನ್ನು ಒಳಕ್ಕೆ ತಳ್ಳಿದ.

ಮಳವಳ್ಳಿಯಲ್ಲಿ ಭಾವಮೈದ ಜಯಪ್ರಕಾಶ ಜಗುಲಿಯ ಮೇಲೆ ಬನಿಯನ್ನಿನಲ್ಲಿ ಕೂತು ಪೇಪರು ಬೀಸಿಕೊಳ್ಳುತ್ತಿದ್ದ.

“ಓಹೋಹೋ! ಏನ್ ಬಾವ, ಹೆಂಡ್ತಿ ನಾಕ್ ದಿನ ಇಲ್ಲ ಅಂದ್ರೆ ಅನ್ನ ಇಳಿಯಲ್ವಾ? ಫೋನಾದ್ರೂ ಮಾಡ್ಬಾರ್ದಾ, ಕೋಳಿ ಕೊಯ್ಯಿಸ್ತಿದ್ದೆ.”

“ಎಲ್ಲಿ ಅವಳು?”

“ಹಿತ್ತಲ ಹುಳದ ಮನೇಲವ್ಳೆ. ಬೆಳಗಾದ್ರೆ ಅಲ್ಲೇ. ಏನ್ ಭಾಷೆನೋ ಬಾವ, ನಮ್ ನಾಯಿ ಊಟ ಬಿಟ್ಬುಡ್ತು ಅದ ಕೇಳಿ.” ಅವನು ನಗುತ್ತ ದನಿ ತಗ್ಗಿಸಿದ. “ಆದ್ರೆ ಚೆನ್ನಾಗವ್ಳೆ. ನಮ್ಮಪ್ಪ ಇದ್ದಾಗ ಹೆಂಗಿದ್ಲೋ ಹಂಗವ್ಳೆ. ನೀವೇನೂ ಅನ್ಬೇಡಿ ಅವ್ಳಿಗೆ.”

“ನಾನೇನ್ ಅಂತೀನಿ?”

“ಏನಿಲ್ಲ ಬುಡಿ. ನಿಮ್ ಮೂಗಿನ ತುದಿ ಕೋಪ ಗೊತ್ತಲ್ಲ ನಂಗೆ.”

ಒಳಗೆ ಹೋಗುವಾಗ ಕಿಟಕಿಯಲ್ಲಿ ಅಮೃತಳ ಫೋನು ಚಾರ್ಜಿಗೆ ಇಟ್ಟಿದ್ದು ಕಂಡಿತು, ಇಯರ್‌ಫೋನ್ ಅದರ ಸುತ್ತ ಸುತ್ತಿಕೊಂಡಿತ್ತು. ಹಾಗಾದರೆ ಅವಳ ಕಿವಿಯಲ್ಲಿ ಈಗ ಯಾರೂ ಇಲ್ಲ. ಅವನಿಗೆ ಒಂದು ಕ್ಷಣ ಹಗುರವೆನಿಸಿತು. ಆದರೆ ಹಿತ್ತಲಿಗೆ ಇಳಿದಾಗ ಹಾಡು ಕೇಳಿಸಿತು. ಪ್ರಶ್ನೆ ಕೇಳಿಸಿತು, ಆಮೇಲೆ ಅದೇ ಖಾಲಿ, ಅಷ್ಟೇ ಅಳತೆಯದು, ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲದ್ದು. ಕಿವಿಯಲ್ಲಿ ಯಾರೂ ಇಲ್ಲದಾಗಲೂ ಅವಳು ಯಾರನ್ನೋ ಪೂರ್ತಿ ಕೇಳಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದಳು.

ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆ ಅದು. ಸಣ್ಣ ಕಿಟಕಿ, ಮುಚ್ಚಿದ ಮರದ ಬಾಗಿಲು. ಹೊಸ ಅಳಿಯನಾಗಿ ಬಂದಾಗ ಮಾವ ಒಳಗೆ ಕರೆದುಕೊಂಡು ಹೋಗಿ ತಟ್ಟೆಗಳನ್ನು ತೋರಿಸಿದ್ದರು. ಸಾವಿರಾರು ಹುಳಗಳು ಸೊಪ್ಪು ತಿನ್ನುವ ಸದ್ದು, ದೂರದಲ್ಲಿ ಜನ ಪಿಸುಗುಟ್ಟಿದ ಹಾಗೆ. ಅಮೃತ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿದು ನಿಂತು, ಅವನ ಕಡೆ ನೋಡದೆ, “ನೀವು ಸ್ವಲ್ಪ ಸರೀರಿ” ಅಂದಿದ್ದಳು. ಅವಳು ಅವನಿಗೆ ಅಂದ ಮೊದಲ ಮಾತು. ಅವನು ಸರಿದಿದ್ದ. ಈಗ ಹುಳಗಳಿಲ್ಲ. ಬ್ಲೀಚಿಂಗ್ ಪುಡಿಯ ಹಳೆಯ ವಾಸನೆ ಮಾತ್ರ ಬಾಗಿಲ ಸಂದಿನಿಂದ ಬರುತ್ತಿತ್ತು. ಬಿಸಿಲು ಬೆನ್ನ ಮೇಲೆ ಬಿದ್ದಿತ್ತು. ಕದ ತಟ್ಟಬಹುದಿತ್ತು. ‘ಅಮೃತ’ ಅಂತ ಕರೆಯಬಹುದಿತ್ತು. ಹಾಗೆ ಮಾಡಿದರೆ ಬಾಗಿಲು ತೆರೆಯುತ್ತದೆ, ‘ಯಾವಾಗ ಬಂದ್ರಿ’ ಅನ್ನುತ್ತಾಳೆ, ಕಾಫಿ ಕೊಡುತ್ತಾಳೆ, ಸಂಜೆಯ ಬಸ್ಸಿಗೆ ಚೀಲ ತುಂಬುತ್ತಾಳೆ. ಎಲ್ಲ ಮರ್ಯಾದೆಯಾಗಿ ಮುಗಿಯುತ್ತದೆ.

‘ತ್ಯೂ ಮೆಮ್?’ ಒಳಗಿನಿಂದ ಬಂತು.

ಖಾಲಿ ಶುರುವಾಯಿತು. ಅದು ಬಾಗಿಲ ಆಚೆ ಬಾಯಿ ತೆರೆದು ನಿಂತದ್ದು ಅವನಿಗೆ ತಿಳಿಯಿತು. ‘ಜ ಸ್ವಿ ಲಾ’ ಅಂದ. ಅಂದದ್ದೋ, ಹಾಡಿದ್ದೋ. ಸಣ್ಣಗೆ, ಗಂಟಲ ಕೆಳಗಿನಿಂದ. ಆ ದನಿ ತನ್ನ ಬಾಯಿಂದ ಹೊರಟು ಮರದ ಹಲಗೆ ದಾಟಿ ಒಳಗೆ ಹೋದದ್ದನ್ನು, ತನ್ನನ್ನು ಹೊರಗೆ ಬಿಟ್ಟು ಹೋದದ್ದನ್ನು ಅವನು ಕೇಳಿಸಿಕೊಂಡ. ಒಳಗೆ ಬಟ್ಟೆ ಸರಿದ ಸದ್ದು. ಅವಳು ಚೀರುತ್ತಾಳೆ, ಯಾರದು ಅನ್ನುತ್ತಾಳೆ ಅಂತ ಕಾದ. ಅವಳು ಬೆಚ್ಚಲಿಲ್ಲ. ತಪ್ಪದ ತಾಳದಲ್ಲಿ ಮುಂದಿನ ಸಾಲು ಬಂತು. ‘ತ್ಯೂ ಮಾಂ?’ ಆದರೆ ದನಿ ಮೊದಲಿನದ್ದಲ್ಲ. ಬಾಗಿಲ ಹತ್ತಿರ ಬಂದಿತ್ತು, ತೇವವಾಗಿತ್ತು, ಬಹಳ ದಿನ ಕಾದು ಕೊನೆಗೆ ಸಿಕ್ಕವರ ಮೇಲೆ ತೋರಿಸುವ ಮುನಿಸಿತ್ತು ಅದರಲ್ಲಿ. ಮದುವೆಯ ರಾತ್ರಿಯಲ್ಲೂ, ಗಗನ ಹುಟ್ಟಿದಾಗಲೂ, ಅವನ ಜ್ವರದ ಪಕ್ಕ ಕೂತಾಗಲೂ ಅವನು ಆ ದನಿಯನ್ನು ಕೇಳಿರಲಿಲ್ಲ. ಸುಳ್ಳು ಹೇಳ್ತೀಯಾ? ‘ಜ ಸ್ವಿ ಲಾ.’ ಈ ಸಲ ಅವನು ಪ್ರಯತ್ನವನ್ನೇ ಮಾಡಲಿಲ್ಲ. ನಾಲಗೆ ತಾನೇ ಎದ್ದು ಹೇಳಿತು. ಇದು ತನ್ನ ಗೆಲುವು ಅಂತ ಯಾರಾದರೂ ಹೇಳಿದರೆ ನಂಬುತ್ತಿದ್ದ. ಅವಳು ಉತ್ತರಿಸುತ್ತಿದ್ದದ್ದು ತನ್ನ ಗಂಟಲಿಗೆ. ಹಾಗಿದ್ದೂ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು, ಆ ಗಂಟಲಿನವನ ಮೇಲೆ.

ಹಾಡು ಮುಗಿಯಿತು. ಒಂದು ಕಾಗೆ ಹೆಂಚಿನ ಮೇಲೆ ನಡೆದು ಹೋಯಿತು. ಬಾಗಿಲ ಆಚೆ ಅವಳ ಉಸಿರು, ಈಚೆ ಅವನದು. ನಡುವೆ ಒಂದು ಹಲಗೆ. ಕೈ ಎತ್ತಿ ಹಲಗೆಯ ಮೇಲಿಟ್ಟ. ಆ ಕಡೆಯಿಂದಲೂ ಅಂಗೈ ಇಟ್ಟ ಸದ್ದಾಯಿತು. ಚಿಲಕ ಮೆಲ್ಲಗೆ ಸರಿಯಿತು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅಮೃತ, ಫ್ರೆಂಚಿನಲ್ಲಲ್ಲ, ಅವಳ ಅಪ್ಪನ ಮನೆಯ ಕನ್ನಡದಲ್ಲಿ, ನಗು ತಡೆದುಕೊಂಡ ದನಿಯಲ್ಲಿ ಅಂದಳು:

“ಎಷ್ಟು ಹೊತ್ತು ಹೊರಗೇ ನಿಂತಿರ್ತೀಯಾ? ಬಾ ನೀನು, ಒಳಗೆ ಬಾ.”

ಇಷ್ಟು ವರ್ಷ ಕಾದ ಮಾತು. ಕಾಲು ಎತ್ತಿದರೆ ಸಾಕಿತ್ತು. ಎತ್ತಲಾಗಲಿಲ್ಲ. ಬಾಗಿಲು ತಳ್ಳಿದರೆ ಅವಳು ಕಾಣುವುದು ಈ ಮುಖವನ್ನು, ಈ ಹಣೆಯ ಗಂಟನ್ನು, ಕಪ್ಪಾದ ಈ ಕತ್ತನ್ನು. ಆಮೇಲೆ ಆ ದನಿ ಏನಾಗುತ್ತದೆ, ‘ಅಯ್ಯೋ ನೀವಾ?’ ಅನ್ನುವಾಗ ತುಟಿ ಹೇಗೆ ಮುದುಡುತ್ತದೆ, ಅದು ಅವನಿಗೆ ಕಾಣುತ್ತಿತ್ತು. ಅವಳು ಕರೆದದ್ದು ಯಾರನ್ನು ಅಂತ ಹಿಂತಿರುಗಿ ನೋಡಿದ. ಹಿತ್ತಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆದರೂ ಯಾರೋ ಬಂದು ತನ್ನ ಹೆಗಲ ಹಿಂದೆ, ತಾಳ್ಮೆಯಿಂದ, ಜಾಗ ಸಿಗಲಿ ಅಂತ ನಿಂತ ಹಾಗಿತ್ತು. ಶಶಿಧರ ಹಲಗೆಯ ಮೇಲಿನ ಕೈ ತೆಗೆದ. ಹೊಸ್ತಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಸುಣ್ಣದ ಗೋಡೆಗೆ ಬೆನ್ನು ಹಚ್ಚಿ, ದಾರಿ ಬಿಟ್ಟು ನಿಂತ.